ಟೋಲ್ ಯಾರ ಜೇಬಿಂದ? ನೈರೋಬಿ ಏರ್‌ಪೋರ್ಟ್‌ನಿಂದ ಊರೊಳಗೆ: ಒಂದು ಪ್ರಕರಣ ಅಧ್ಯಯನ

ತುಮಕೂರು ಕಡೆಯ ಒಂದು ಸಣ್ಣ ಕಂಪನಿ. ಬೋರ್‌ವೆಲ್ ಮೋಟಾರಿಗೆ ಸ್ಟಾರ್ಟರ್, ಸೋಲಾರ್ ಪಂಪಿಗೆ ಕಂಟ್ರೋಲರ್ ಮಾಡುತ್ತಾರೆ. 2025ರಲ್ಲಿ ಕೀನ್ಯಾದ ಮಾರುಕಟ್ಟೆಗೆ ಕೈಹಾಕಿದರು. ಅವರ ಜನ ಹೊರದೇಶಕ್ಕೆ ಹೋಗಿಬರುವ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕಂಪನಿ, ಹೋಟೆಲ್, ಬ್ಯಾಂಕ್, ಜನ ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಊರು ಮತ್ತು ರಸ್ತೆಗಳನ್ನು ಮಾತ್ರ ಬದಲಿಸಿಲ್ಲ, ಯಾಕೆಂದರೆ ವಿಷಯ ಇರುವುದೇ ಅಲ್ಲಿ.

ಲೆಕ್ಕ ಹಾಕಿದ್ದು ಹೇಗೆ

ಜೋಮೋ ಕೆನ್ಯಾಟಾ ಏರ್‌ಪೋರ್ಟ್ ನೈರೋಬಿಯ ನಡುಭಾಗದಿಂದ ಹದಿನೆಂಟು ಕಿಲೋಮೀಟರಿನ ಆಚೀಚೆ. ಕಂಪನಿಯ ಯಜಮಾನರಿಗೆ ಇದು ಏನೇನೂ ಅಲ್ಲ. ತುಮಕೂರಿನಿಂದ ದೇವನಹಳ್ಳಿಗೆ ಓಡಾಡಿದವರು ಅವರು. ಬೆಂಗಳೂರಿನವರಿಗೇ ಮೆಜೆಸ್ಟಿಕ್‌ನಿಂದ ಏರ್‌ಪೋರ್ಟ್ ಮೂವತ್ತೈದು ಕಿಲೋಮೀಟರ್ ಆಗುತ್ತದೆ. 'ಹದಿನೆಂಟು ಕಿಲೋಮೀಟರ್ ಅಷ್ಟೇನಾ? ಅರ್ಧ ಗಂಟೆ ಸಾಕಲ್ವಾ?' ಎಂದರು.

ರಾತ್ರಿ ಹನ್ನೆರಡಕ್ಕೆ ಇಳಿದರೆ ಸಾಕು. ಬೆಳಗ್ಗೆ ಇಳಿದರೆ ಆ ಲೆಕ್ಕ ನಿಲ್ಲುವುದಿಲ್ಲ.

ಏರ್‌ಪೋರ್ಟ್ ರಸ್ತೆ ಹೋಗಿ ಸೇರುವುದು ಮೊಂಬಾಸಾ ರೋಡಿಗೆ. ಮೊಂಬಾಸಾ ಬಂದರಿನಿಂದ ಬರುವ ಲಾರಿಗಳು ಇದೇ ರಸ್ತೆಯಲ್ಲಿ. ಆಥಿ ರಿವರ್ ಕಡೆಯ ಸಿಮೆಂಟ್ ಕಾರ್ಖಾನೆಗಳ ಲಾರಿಗಳೂ ಇದರಲ್ಲೇ. ಮ್ಲೊಲೊಂಗೊ, ಕಿಟೆಂಗೇಲಾ ಕಡೆ ಮನೆ ಮಾಡಿಕೊಂಡು ದಿನಾ ನೈರೋಬಿಗೆ ಕೆಲಸಕ್ಕೆ ಬರುವವರೂ ಇದೇ ರಸ್ತೆ ಹಿಡಿಯಬೇಕು. ಪಕ್ಕದಲ್ಲೇ ಇಂಡಸ್ಟ್ರಿಯಲ್ ಏರಿಯಾ. ಮುಂದೆ ನ್ಯಾಯೋ ಸ್ಟೇಡಿಯಂ ಸರ್ಕಲ್. ಅಲ್ಲಿಂದ ಅದೇ ರಸ್ತೆ ಉಹುರು ಹೈವೇ ಆಗುತ್ತದೆ. ಸಿಗ್ನಲ್ ಹಸಿರು ಇದ್ದರೂ ಪೊಲೀಸ್ ಕೈ ಅಡ್ಡ ಇಟ್ಟರೆ ನಿಲ್ಲಬೇಕು. ಬೆಳಗ್ಗೆ ಆರರಿಂದ ಒಂಬತ್ತೂವರೆ ತನಕ ಊರೊಳಗೆ ಹೋಗುವ ಬದಿ ಜಾಮ್, ಸಂಜೆ ನಾಲ್ಕೂವರೆಯ ಮೇಲೆ ಹೊರಗೆ ಬರುವ ಬದಿ.

ಇದೇ ರಸ್ತೆಯ ತಲೆಯ ಮೇಲೆ ಇನ್ನೊಂದು ರಸ್ತೆ ಇದೆ: ನೈರೋಬಿ ಎಕ್ಸ್‌ಪ್ರೆಸ್‌ವೇ. ಮ್ಲೊಲೊಂಗೊದಿಂದ ವೆಸ್ಟ್‌ಲ್ಯಾಂಡ್ಸ್‌ವರೆಗೆ 27 ಕಿಲೋಮೀಟರ್, ಒಂದಷ್ಟು ಭಾಗ ಕಂಬಗಳ ಮೇಲೆ. ಕಟ್ಟಿದ್ದು ಚೀನಾದ ಕಂಪನಿ. 2022ರ ಮೇ ತಿಂಗಳಲ್ಲಿ ಪ್ರಯೋಗಕ್ಕೆ ಬಿಟ್ಟರು, ಜುಲೈ ಕೊನೆಗೆ ಅಧಿಕೃತವಾಗಿ ಉದ್ಘಾಟನೆಯಾಯಿತು. ಎಷ್ಟು ದೂರ ಹೋಗುತ್ತೀರೋ ಅಷ್ಟು ಟೋಲ್. ಈ ತುದಿಯಿಂದ ಆ ತುದಿಗೆ ಕಾರಿಗೆ ಮೊದಲು 360 ಶಿಲಿಂಗ್ ಇತ್ತು, 2024ರ ಜನವರಿಯಿಂದ 500 ಮಾಡಿದರು. ನಮ್ಮ ದುಡ್ಡಲ್ಲಿ ಮುನ್ನೂರು ಚಿಲ್ಲರೆ ರೂಪಾಯಿ. ಏರ್‌ಪೋರ್ಟ್‌ನಿಂದ ಊರ ನಡುವಿಗೆ ಇನ್ನೂ ಕಡಿಮೆ.

ಇಷ್ಟೆಲ್ಲ ನಕ್ಷೆಯಲ್ಲಿ ಕಾಣುತ್ತದೆ. ಮೇಲಿನ ರಸ್ತೆಗೆ ಹತ್ತುವುದೋ ಕೆಳಗೇ ಹೋಗುವುದೋ ಎಂದು ತೀರ್ಮಾನ ಮಾಡುವವರು ಯಾರು ಎಂಬುದು ಕಾಣುವುದಿಲ್ಲ.

ಒಂದೇ ಹೊತ್ತಿಗೆ ಹೊರಟ ಎರಡು ಕಾರು

ಮೊದಲ ತಂಡ ಹೋಗಿದ್ದು ಫೆಬ್ರವರಿಯಲ್ಲಿ. ಯಜಮಾನರು, ಮಾರಾಟ ನೋಡಿಕೊಳ್ಳುವ ಮ್ಯಾನೇಜರ್, ಇಬ್ಬರು ಇಂಜಿನಿಯರುಗಳು. ಜೊತೆಗೆ ಸ್ಯಾಂಪಲ್ ಕಂಟ್ರೋಲರ್ ಇದ್ದ ಎರಡು ಪೆಟ್ಟಿಗೆ. ಬೆಳಗ್ಗೆ ಹನ್ನೊಂದಕ್ಕೆ ನೈರೋಬಿಯ ಅಪ್ಪರ್ ಹಿಲ್ ಬಡಾವಣೆಯಲ್ಲಿ ಒಂದು ಬ್ಯಾಂಕಿನವರ ಜೊತೆ ಮೀಟಿಂಗ್. ರೈತರಿಗೆ ಪಂಪ್ ಕೊಳ್ಳಲು ಸಾಲ ಕೊಡುವ ಯೋಜನೆ ಅದು. ಬ್ಯಾಂಕ್ ಒಪ್ಪಿದರೆ ಮಾಲು ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಹಿಂದಿನ ದಿನವೇ ಹೋಗಿ ತಂಗಿ ಎಂದು ಹೇಳಿದ್ದೆ. ಒಂದು ರಾತ್ರಿಯ ನಾಲ್ಕು ರೂಮಿನ ಬಾಡಿಗೆ ಉಳಿಯುತ್ತದೆಂದು ಅವರು ಬೆಳಗಿನ ವಿಮಾನವನ್ನೇ ಹಿಡಿದರು.

ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು. ಇಮಿಗ್ರೇಶನ್ ಬೇಗ ಮುಗಿಯಿತು. ಪೆಟ್ಟಿಗೆಗಳನ್ನು ಕಸ್ಟಮ್ಸ್‌ನವರು ಬಿಚ್ಚಿಸಿ ನೋಡಿ ಬಿಟ್ಟರು. ಎಂಟೂವರೆಗೆಲ್ಲ ಹೊರಗೆ ಬಂದಿದ್ದರು.

ತೊಡಕು ಶುರುವಾಗಿದ್ದು ಬಾಗಿಲಾಚೆ. ಆಪ್‌ನಲ್ಲಿ ಕಾರು ಬುಕ್ ಮಾಡಿದರು, ಹಣ ಕಾರ್ಡಿನಿಂದ. ಡ್ರೈವರ್ ಫೋನ್ ಮಾಡಿದ: 'ಎಲ್ಲಿಗೆ? ಕ್ಯಾಶಾ, ಎಂ-ಪೆಸಾನಾ?' ಕಾರ್ಡ್ ಎಂದ ಕೂಡಲೇ ಕ್ಯಾನ್ಸಲ್. ಇನ್ನೊಬ್ಬನೂ ಅದೇ. ಇದನ್ನು ಮೋಸ ಎಂದು ಬೈಯುವುದು ಸುಲಭ. ಆದರೆ ಅವರ ಕಡೆಯಿಂದ ನೋಡಿ. ಕಾರ್ಡಿನ ಹಣ ಮೊದಲು ಆಪ್ ಕಂಪನಿಗೆ ಹೋಗಿ, ಅವರು ಕಮಿಷನ್ ಹಿಡಿದುಕೊಂಡು, ಆಮೇಲೆ ಡ್ರೈವರಿಗೆ ಬರಬೇಕು. ಇವತ್ತಿನ ಪೆಟ್ರೋಲಿಗೆ ಇವತ್ತೇ ದುಡ್ಡು ಬೇಕು. ಕಮಿಷನ್ 18 ಪರ್ಸೆಂಟ್ ದಾಟಬಾರದು ಎಂದು ಕೀನ್ಯಾ ಸರ್ಕಾರ 2022ರಲ್ಲಿ ನಿಯಮವನ್ನೇ ಮಾಡಬೇಕಾಯಿತು ಎಂದರೆ ಡ್ರೈವರುಗಳ ಸಿಟ್ಟು ಎಷ್ಟಿತ್ತು ಅಂತ ಊಹಿಸಬಹುದು. ಎಂ-ಪೆಸಾ ಆದರೆ ಫೋನಿನಿಂದ ಫೋನಿಗೆ ಆಗಲೇ ಬೀಳುತ್ತದೆ. ನಮ್ಮಲ್ಲಿ ಯುಪಿಐ ಬರುವುದಕ್ಕೂ ಎಷ್ಟೋ ಮುಂಚೆ, 2007ರಲ್ಲೇ ಶುರುವಾದ ವ್ಯವಸ್ಥೆ ಅದು.

ಕೊನೆಗೆ ಮ್ಯಾನೇಜರ್ ಡಾಲರ್ ಬದಲಿಸಿ ಶಿಲಿಂಗ್ ತಂದರು. ಬಂದದ್ದು ಪುಟ್ಟ ಕಾರು. ನಾಲ್ಕು ಜನ, ನಾಲ್ಕು ಸೂಟ್‌ಕೇಸ್, ಎರಡು ಪೆಟ್ಟಿಗೆ ಅದರಲ್ಲಿ ಎಲ್ಲಿ ಹಿಡಿಯುತ್ತದೆ? ಇನ್ನೊಂದು ಕಾರು ಕರೆದರು. ಮ್ಯಾನೇಜರ್ ಮತ್ತು ಒಬ್ಬ ಇಂಜಿನಿಯರ್ ಒಂದರಲ್ಲಿ. ಯಜಮಾನರು, ಇನ್ನೊಬ್ಬ ಇಂಜಿನಿಯರ್, ಸ್ಯಾಂಪಲ್ ಪೆಟ್ಟಿಗೆಗಳು ಇನ್ನೊಂದರಲ್ಲಿ.

ಎರಡೂ ಕಾರು ಒಟ್ಟಿಗೇ ಹೊರಟವು, ಸುಮಾರು ಒಂಬತ್ತಕ್ಕೆ. ಎರಡೂ ಡ್ರೈವರುಗಳು ಒಂದೇ ಪ್ರಶ್ನೆ ಕೇಳಿದರು: 'ಎಕ್ಸ್‌ಪ್ರೆಸ್‌ವೇ ಹೋಗೋಣವಾ? ಟೋಲ್ ನೀವು ಕೊಡಬೇಕು.' ಮ್ಯಾನೇಜರ್ ಕೈಯಲ್ಲಿ ಶಿಲಿಂಗ್ ಇತ್ತು. ಹೂಂ ಎಂದರು. ಮೀಟಿಂಗ್ ಜಾಗಕ್ಕೆ ಅರ್ಧ ಗಂಟೆಯೊಳಗೆ ತಲುಪಿದರು. ಎರಡನೇ ಕಾರಿನ ಇಂಜಿನಿಯರ್ ಬೆಂಗಳೂರಿನ ಆಟೋದವರ ಜೊತೆ ಪಳಗಿದವನು. 'ಎಕ್ಸ್‌ಟ್ರಾ ಕೀಳೋಕೆ ನೋಡ್ತಿದಾನೆ ಸಾರ್' ಎಂದ. 'ಬೇಡ ಅನ್ನಪ್ಪಾ, ಆಪ್‌ನಲ್ಲಿ ಎಷ್ಟು ತೋರಿಸಿದೆಯೋ ಅಷ್ಟೇ' ಎಂದರು ಯಜಮಾನರು. ಡ್ರೈವರ್ ಏನೂ ವಾದ ಮಾಡಲಿಲ್ಲ. ಕೆಳಗಿನ ರಸ್ತೆ ಹಿಡಿದ. ಅವರು ಅಪ್ಪರ್ ಹಿಲ್ ತಲುಪಿದಾಗ ಹನ್ನೊಂದು ದಾಟಿತ್ತು. ದಾರಿಯುದ್ದಕ್ಕೂ ಪಕ್ಕದಲ್ಲೋ ತಲೆಯ ಮೇಲೋ ಎಕ್ಸ್‌ಪ್ರೆಸ್‌ವೇ, ಕೆಳಗೆ ಜಾಮ್‌ನಲ್ಲಿ ಇವರ ಕಾರು.

ಮೀಟಿಂಗಿನಲ್ಲಿ ಮ್ಯಾನೇಜರ್ ಸ್ಯಾಂಪಲ್ ಇಲ್ಲದೆ ಬಾಯಿಮಾತಲ್ಲಿ ವಿವರಿಸಿದರು. ಪೆಟ್ಟಿಗೆ ಬಂದಾಗ ಬ್ಯಾಂಕಿನ ಹಿರಿಯ ಅಧಿಕಾರಿ ಮುಂದಿನ ಮೀಟಿಂಗಿಗೆ ಎದ್ದಾಗಿತ್ತು. ಕಿರಿಯರೊಬ್ಬರು ಸೌಜನ್ಯಕ್ಕೆ ನೋಡಿದರು, ಮತ್ತೊಮ್ಮೆ ಬನ್ನಿ ಎಂದರು. ಆ ಮತ್ತೊಮ್ಮೆಗೆ ಎರಡು ತಿಂಗಳು ಹಿಡಿಯಿತು.

ತಪ್ಪು ಯಾರದು ಎಂಬ ಜಗಳ

ವಾಪಸ್ ಬಂದಮೇಲೆ ಕೂತು ಮಾತಾಡಿದಾಗ ಯಜಮಾನರು ಡ್ರೈವರನ್ನು ಬೈದರು. ಇಂಜಿನಿಯರ್ ಆಪ್ ಅನ್ನು ಬೈದ. ಮ್ಯಾನೇಜರ್ ಸುಮ್ಮನಿದ್ದರು, ಯಾಕೆಂದರೆ ಅವರು ಸಮಯಕ್ಕೆ ಮುಟ್ಟಿದ್ದರು. ನಾನು ಇಬ್ಬರಿಂದಲೂ ರಸೀದಿ ಇಸಕೊಂಡೆ. ಎರಡು ಕಾರಿನ ಬಾಡಿಗೆ ಹೆಚ್ಚುಕಮ್ಮಿ ಒಂದೇ. ಇದ್ದ ವ್ಯತ್ಯಾಸ ಟೋಲ್ ಮಾತ್ರ.

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನ್ನಿಸಿದ್ದು ಇದೇ. ಆಪ್ ಬಾಡಿಗೆಯಲ್ಲಿ ಡ್ರೈವರಿಗೆ ಉಳಿಯುವುದೇ ಸ್ವಲ್ಪ. ಅದರಲ್ಲಿ ಟೋಲ್ ಕಟ್ಟಿದರೆ ಅವನಿಗೆ ಇನ್ನೇನು ಗಿಟ್ಟುತ್ತದೆ? ಹಾಗಾಗಿ ಅವನು ಕೇಳಿಯೇ ಕೇಳುತ್ತಾನೆ. ಕೇಳುವ ಹೊತ್ತಿಗೆ ಪ್ರಯಾಣಿಕ ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾನೆ, ಊರು ಹೊಸದು, ಕೈಯಲ್ಲಿ ಅಲ್ಲಿಯ ದುಡ್ಡಿಲ್ಲ, ಮೋಸ ಹೋಗಬಾರದು ಎಂಬ ಹೆದರಿಕೆ ಬೇರೆ. ಇಡೀ ಪ್ರವಾಸದ ಅತಿ ದುಬಾರಿ ತೀರ್ಮಾನವನ್ನು ಅತಿ ಕಡಿಮೆ ಮಾಹಿತಿ ಇರುವವನು, ಅತಿ ಕೆಟ್ಟ ಹೊತ್ತಿನಲ್ಲಿ, ಹಿಂದಿನ ಸೀಟಿನಲ್ಲಿ ಕೂತು ಮಾಡಬೇಕಾಗುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಹೋದವರು ಮುನ್ನೂರು ರೂಪಾಯಿ ಹತ್ತಿರ ಸಿಕ್ಕಿಬಿದ್ದರು.

ಅಂದರೆ ಆ ತೀರ್ಮಾನವನ್ನು ಅಲ್ಲಿಂದ ಎತ್ತಿ ತುಮಕೂರಿನಲ್ಲೇ, ವಿಮಾನ ಹತ್ತುವ ಮುಂಚೆಯೇ ಮುಗಿಸಬೇಕಿತ್ತು. ಆದರೆ ಇದು ಎಲ್ಲರಿಗೂ ಆಗಲೇ ಹೊಳೆಯಲಿಲ್ಲ. ನಡುವೆ ಬೇರೆ ದಾರಿಗಳನ್ನೂ ನೋಡಿದರು.

ಹೋಟೆಲ್ ವ್ಯಾನ್, 34ನೇ ನಂಬರ್ ಬಸ್ಸು

ಮುಂದಿನ ಸಲ ಹೋಟೆಲಿನವರಿಗೇ ವ್ಯಾನ್ ಕಳಿಸಲು ಹೇಳಿದರು. ದರ ಆಪ್‌ಗಿಂತ ಬಹಳ ಜಾಸ್ತಿ. ಆದರೂ ಬೋರ್ಡ್ ಹಿಡಿದು ಒಬ್ಬ ನಿಂತಿರುತ್ತಾನೆ, ಚಿಂತೆ ಇಲ್ಲ ಅಂದುಕೊಂಡರು. ಅವನು ನಿಂತಿದ್ದ, ಆದರೆ ಇನ್ನೊಂದು ಟರ್ಮಿನಲ್ಲಿನ ಬಾಗಿಲಲ್ಲಿ. ಆ ಏರ್‌ಪೋರ್ಟಿನಲ್ಲಿ 1ಎ, 1ಇ ಎಂದು ಬಾಗಿಲುಗಳು ಬೇರೆ ಬೇರೆ, ಯಾವ ವಿಮಾನದಲ್ಲಿ ಬಂದಿರಿ ಎಂಬುದರ ಮೇಲೆ ಎಲ್ಲಿ ಹೊರಬರುತ್ತೀರಿ ಎಂಬುದು ನಿಂತಿದೆ. ಹೋಟೆಲಿಗೆ ಕಳಿಸಿದ ಮೇಲ್‌ನಲ್ಲಿ ಇಳಿಯುವ ಗಂಟೆ ಇತ್ತು, ವಿಮಾನದ ನಂಬರ್ ಇರಲಿಲ್ಲ. ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಹೊರಗೆ ಏಪ್ರಿಲ್ ಮಳೆ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆಗಾಲ. ಮಳೆ ಜೋರಾದರೆ ಮೊಂಬಾಸಾ ರೋಡಿನಲ್ಲಿ ಕೆಲವು ಕಡೆ ನೀರು ನಿಲ್ಲುತ್ತದೆ. ವ್ಯಾನಿನವನು ಎಕ್ಸ್‌ಪ್ರೆಸ್‌ವೇ ಹತ್ತಲೇ ಇಲ್ಲ. ಹೋಟೆಲಿನ ಬಿಲ್ಲಿನಲ್ಲಿ ಟೋಲ್ ಸೇರಿದೆಯೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ.

ಬಾಡಿಗೆ ಜಾಸ್ತಿ ಕೊಟ್ಟ ಮಾತ್ರಕ್ಕೆ ಸಮಸ್ಯೆ ಹೋಗುವುದಿಲ್ಲ ಎಂದು ಗೊತ್ತಾಗಿದ್ದು ಆಗ.

ಕಿರಿಯ ಇಂಜಿನಿಯರ್ ಒಮ್ಮೆ ಒಬ್ಬನೇ ಹೋದಾಗ 34ನೇ ನಂಬರಿನ ಬಸ್ಸು ಹಿಡಿದ. ಅದು ಎಂಬಕಾಸಿ ಕಡೆಯಿಂದ ಸುತ್ತಿಕೊಂಡು ಊರ ನಡುವಿಗೆ ಹೋಗುತ್ತದೆ. ಖರ್ಚು ಟ್ಯಾಕ್ಸಿಯ ಹತ್ತರಲ್ಲೊಂದು ಪಾಲೂ ಇಲ್ಲ. ಅವನಿಗೆ ಖುಷಿಯೋ ಖುಷಿ. ಒಂದು ಬೆನ್ನಿನ ಬ್ಯಾಗ್, ಮಧ್ಯಾಹ್ನದ ಹೊತ್ತು, ಯಾವ ಅವಸರವೂ ಇಲ್ಲ ಎಂದಾದರೆ ಇದಕ್ಕಿಂತ ಒಳ್ಳೆಯದಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಅದು ನಮ್ಮ ವಾಯುವಜ್ರದ ಥರ ಸಾಮಾನಿಡಲು ಜಾಗ ಇರುವ ಏರ್‌ಪೋರ್ಟ್ ಬಸ್ಸಲ್ಲ, ಊರಿನ ಜನ ಹತ್ತಿ ಇಳಿಯುವ ಮಾಮೂಲಿ ಬಸ್ಸು. ಪೆಟ್ಟಿಗೆ ಹೊತ್ತುಕೊಂಡು ಅರವತ್ತು ದಾಟಿದವರು ಹೋಗುವ ದಾರಿ ಅದಲ್ಲ.

ರೈಲು ಇಲ್ಲವಾ ಎಂದು ಯಜಮಾನರು ಕೇಳಿದ್ದರು. ಮೊಂಬಾಸಾಕ್ಕೆ ಹೋಗುವ ಹೊಸ ರೈಲಿನ ನಿಲ್ದಾಣ ಸ್ಯೋಕಿಮಾವುನಲ್ಲಿ, ಏರ್‌ಪೋರ್ಟಿಗೆ ಹತ್ತಿರವೇ. ಅಲ್ಲಿಂದ ಊರೊಳಗೆ ಲೋಕಲ್ ರೈಲೂ ಇದೆ. ಆದರೆ ಟರ್ಮಿನಲ್ ಬಾಗಿಲಿಗೆ ಹಳಿ ಇಲ್ಲ, ನಡುವಿನ ತುಂಡಿಗೆ ಹೇಗೂ ಕಾರು ಬೇಕು. ಆ ವಿಚಾರ ಅಲ್ಲಿಗೇ ಬಿಟ್ಟೆವು.

ಒಬ್ಬ ಡ್ರೈವರ್, ಒಂದು ಮೆಸೇಜ್

ಕಂಪನಿಯ ಮಾಲು ತರಿಸಿಕೊಳ್ಳುವ ವ್ಯಾಪಾರಿ ಗುಜರಾತಿ ಮೂಲದವರು. ತಾತನ ಕಾಲದಿಂದ ನೈರೋಬಿಯವರೇ. ಅವರ ಗೋಡೌನಿಗೆ ಓಡುವ ಒಬ್ಬ ಡ್ರೈವರನ್ನು ಪರಿಚಯ ಮಾಡಿಕೊಟ್ಟರು. ನಲವತ್ತರ ಆಸುಪಾಸಿನವರು, ಮಾತು ಕಮ್ಮಿ, ಏಳು ಜನ ಹಿಡಿಯುವ ಸ್ವಂತ ಗಾಡಿ. ಅವರ ಜೊತೆ ಮಾಡಿಕೊಂಡ ಒಪ್ಪಂದ ಬರೀ ಒಂದು ವಾಟ್ಸಾಪ್ ಮೆಸೇಜ್. ವಿಮಾನದ ನಂಬರ್, ಹೊರಬರುವ ಟರ್ಮಿನಲ್, ಎಷ್ಟು ಜನ, ಎಷ್ಟು ಪೆಟ್ಟಿಗೆ, ಎಷ್ಟು ಹೊತ್ತಿಗೆ ಎಲ್ಲಿರಬೇಕು. ಕೊನೆಯ ಸಾಲು: ಟೋಲ್ ಸೇರಿಸಿ ಇಷ್ಟು ದುಡ್ಡು, ಇಳಿದ ಕೂಡಲೇ ಎಂ-ಪೆಸಾದಲ್ಲಿ. ಮ್ಯಾನೇಜರ್ ಪಾಸ್‌ಪೋರ್ಟ್ ತೋರಿಸಿ ಅಲ್ಲಿಯ ಸಿಮ್ ಮತ್ತು ಎಂ-ಪೆಸಾ ಮಾಡಿಸಿಕೊಂಡಿದ್ದರು. ಅವರು ಹೋಗದಿದ್ದಾಗ ವ್ಯಾಪಾರಿಯೇ ಕೊಟ್ಟು ಬಿಲ್ಲಿಗೆ ಸೇರಿಸುತ್ತಿದ್ದರು.

ಆ ಕೊನೆಯ ಸಾಲಿನ ಬಗ್ಗೆ ಕಂಪನಿಯಲ್ಲಿ ನಡೆದ ಚರ್ಚೆ ಚೆನ್ನಾಗಿತ್ತು. ಅಕೌಂಟ್ಸ್ ನೋಡುವ ಮೇಡಂ ಕೇಳಿದರು: 'ಟೋಲ್ ಸೇರಿಸಿ ಅಂದ್ರೆ ಅವರು ಕೆಳಗೇ ಹೋಗಿ ಟೋಲ್ ದುಡ್ಡು ಜೇಬಿಗೆ ಹಾಕ್ಕೊಂಡ್ರೆ? ಚೀಟಿ ತರೋಕೆ ಹೇಳಿ, ಚೀಟಿ ಇದ್ರೆ ಕೊಡೋಣ.' ನ್ಯಾಯವಾದ ಮಾತು. ಲೆಕ್ಕ ಬರೆಯುವವರು ಹಾಗೇ ಕೇಳಬೇಕು.

ಆದರೆ ಚೀಟಿ ಕೇಳಿದರೆ ಏನಾಗುತ್ತದೆ? ಚೀಟಿ ಸಿಗಲಿ ಎಂದು ಡ್ರೈವರ್ ಭಾನುವಾರ ಬೆಳಗ್ಗೆ ಖಾಲಿ ರಸ್ತೆ ಇದ್ದಾಗಲೂ ಮೇಲೆ ಹತ್ತುತ್ತಾರೆ. ಅಥವಾ ಮತ್ತೆ ಪ್ರಯಾಣಿಕನನ್ನೇ ಕೇಳುತ್ತಾರೆ. ಎರಡರಲ್ಲೂ ತೀರ್ಮಾನ ರಸ್ತೆ ಬಲ್ಲವರ ಕೈತಪ್ಪುತ್ತದೆ. ಕೊನೆಗೆ ಒಪ್ಪಿಕೊಂಡಿದ್ದು ಹೀಗೆ: ದುಡ್ಡು ಒಂದೇ, ಯಾವ ರಸ್ತೆಯಾದರೂ ಸರಿ, ಹೇಳಿದ ಹೊತ್ತಿಗೆ ತಲುಪಿಸುವುದು ಅವರ ಜವಾಬ್ದಾರಿ. ಖಾಲಿ ರಸ್ತೆಯಲ್ಲಿ ಟೋಲ್ ಉಳಿಸಿದರೆ ಅದು ಅವರ ಜಾಣತನದ ಕೂಲಿ. ಯಜಮಾನರು ಇದನ್ನು ಒಪ್ಪಲು ಸ್ವಲ್ಪ ಹೊತ್ತು ತೆಗೆದುಕೊಂಡರು. ವಿಚಿತ್ರ ಅಂದರೆ, ತಮ್ಮ ಫ್ಯಾಕ್ಟರಿಯಲ್ಲಿ ವೈಂಡಿಂಗ್ ಮಾಡುವವರಿಗೆ ಅವರು ದಶಕಗಳಿಂದ ಕೊಡುತ್ತಿರುವುದು ಇದೇ ಥರದ ಗುತ್ತಿಗೆ.

ಇದರಿಂದ ಇನ್ನೊಂದು ಅನುಕೂಲ ಆಯಿತು, ಅದನ್ನು ನಾವು ಎಣಿಸಿರಲಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ನಗದು ಕೊಡುವವರು ಹತ್ತುವಾಗ ಕಾರ್ಡ್ ತೆಗೆದುಕೊಂಡು ಇಳಿಯುವಾಗ ಹಣ ಕಟ್ಟಬೇಕು. ಬೆಳಗ್ಗೆ ಆ ಇಳಿಯುವ ಜಾಗದಲ್ಲೇ ಸಾಲು ಬೆಳೆಯುತ್ತದೆ. ಮೇಲಿನ ಹತ್ತು ನಿಮಿಷದಲ್ಲಿ ಉಳಿಸಿದ್ದನ್ನು ಇಳಿಜಾರಿನಲ್ಲಿ ನಿಂತು ಕಳೆಯಬಹುದು. ಅಪ್ಪರ್ ಹಿಲ್‌ಗೆ ಹೈಲೆ ಸೆಲಾಸಿ ರಸ್ತೆಯ ಹತ್ತಿರ ಇಳಿಯುವುದು ಸಹಜ. ಆದರೆ ಒಂದು ಬೆಳಗ್ಗೆ ಈ ಡ್ರೈವರ್ ಅಲ್ಲಿ ಇಳಿಯಲಿಲ್ಲ. ಸೀದಾ ಮುಂದಿನ ಇಳಿಯುವ ಜಾಗ ಮ್ಯೂಸಿಯಂ ಹಿಲ್‌ವರೆಗೆ ಹೋಗಿ ಹಿಂದಕ್ಕೆ ಬಂದರು. ಟೋಲ್ ಒಂದಿಷ್ಟು ಜಾಸ್ತಿ ಆಯಿತು, ಕೊಟ್ಟಿದ್ದು ಅವರೇ. ಆಪ್ ಡ್ರೈವರ್ ಹೀಗೆ ಮಾಡಲು ಹೋದರೆ ನಾವೇ ಸುತ್ತಿಸುತ್ತಿದ್ದಾನೆ ಎಂದು ಕೂಗಾಡುತ್ತಿದ್ದೆವು.

ಬ್ಯಾಂಕಿನ ಎರಡನೇ ಮೀಟಿಂಗಿಗೆ ಎಲ್ಲರೂ ಪೆಟ್ಟಿಗೆ ಸಮೇತ ಮುಂಚೆಯೇ ತಲುಪಿ ಕೆಳಗೆ ಕಾಫಿ ಕುಡಿದರು. ಒಪ್ಪಂದಕ್ಕೆ ಸಹಿ ಬಿದ್ದದ್ದು ಇದರಿಂದ ಎಂದು ನಾನು ಹೇಳುವುದಿಲ್ಲ. ಕಂಟ್ರೋಲರ್ ಚೆನ್ನಾಗಿತ್ತು, ಸಹಿ ಬಿತ್ತು.

ಜುಲೈ 7

ಡ್ರೈವರ್ ಜೊತೆಗಿನ ಒಪ್ಪಂದ ನಿಜವಾಗಿ ಪರೀಕ್ಷೆಗೆ ಒಳಗಾದದ್ದು ಒಮ್ಮೆ ವಾಪಸ್ ಹೊರಡುವಾಗ.

2025ರ ಜುಲೈ 7, ಸೋಮವಾರ. ಕೀನ್ಯಾದಲ್ಲಿ ಆ ದಿನವನ್ನು ಸಬಾ ಸಬಾ (ಸ್ವಾಹಿಲಿಯಲ್ಲಿ 'ಏಳು ಏಳು') ಎಂದು ನೆನೆಯುತ್ತಾರೆ. 1990ರ ಜುಲೈ 7ರಂದು ಬಹುಪಕ್ಷ ವ್ಯವಸ್ಥೆ ಬೇಕೆಂದು ಜನ ಬೀದಿಗಿಳಿದಿದ್ದರು. 2025ರ ಹೊತ್ತಿಗೆ ವಾತಾವರಣ ಬಿಸಿಯಾಗಿಯೇ ಇತ್ತು. 2024ರ ಜೂನ್ 25ರಂದು ತೆರಿಗೆ ಮಸೂದೆ ವಿರೋಧಿಸಿ ಯುವಕರು ಸಂಸತ್ತಿಗೆ ನುಗ್ಗಿದ್ದರು, ಗೋಲಿಬಾರ್ ಆಗಿತ್ತು. ಅದರ ವರ್ಷದ ನೆನಪಿಗೆ 2025ರ ಜೂನ್ 25ರಂದು ಮತ್ತೆ ಮೆರವಣಿಗೆ, ಮತ್ತೆ ಸಾವುಗಳು. ಅದಾಗಿ ಎರಡು ವಾರ ಕಳೆಯುವುದರೊಳಗೆ ಸಬಾ ಸಬಾ.

ಯಜಮಾನರು, ಮ್ಯಾನೇಜರ್ ಮತ್ತು ಕಿರಿಯ ಇಂಜಿನಿಯರ್ ವೆಸ್ಟ್‌ಲ್ಯಾಂಡ್ಸ್‌ನ ಹೋಟೆಲಿನಲ್ಲಿದ್ದರು. ಸೋಮವಾರ ಬೆಳಗ್ಗೆ ಊರ ನಡುವೆ ಒಂದು ಮೀಟಿಂಗ್, ರಾತ್ರಿ ವಿಮಾನ. ಶನಿವಾರ ಡ್ರೈವರ್ ಮೆಸೇಜ್ ಮಾಡಿದರು: ಭಾನುವಾರ ಸಂಜೆಯೇ ರೂಮ್ ಖಾಲಿ ಮಾಡಿ, ಮೊಂಬಾಸಾ ರೋಡ್ ಕಡೆ, ಏರ್‌ಪೋರ್ಟ್ ಹತ್ತಿರ ಒಂದು ರಾತ್ರಿ ಇದ್ದುಬಿಡಿ. ಸೋಮವಾರ ವೆಸ್ಟ್‌ಲ್ಯಾಂಡ್ಸ್‌ನಿಂದ ಕರೆದುಕೊಂಡು ಬರುತ್ತೇನೆ ಎಂದು ನಾನು ಮಾತು ಕೊಡಲಾರೆ.

ಮ್ಯಾನೇಜರ್ ಆಗಲೇ ನನಗೆ ಫೋನ್ ಮಾಡಿದರು. ಯಜಮಾನರು ಪಕ್ಕದಲ್ಲೇ ಇದ್ದರು, ಧ್ವನಿ ಕೇಳುತ್ತಿತ್ತು. 'ಅವರ ಊರಿನ ಗಲಾಟೆ, ನಮಗೇನ್ರೀ ಸಂಬಂಧ? ಮೀಟಿಂಗ್ ಬಿಟ್ಟು ಓಡಿ ಹೋಗೋದಾ?' ಇಟ್ಟಿದ್ದ ರೂಮಿನ ದುಡ್ಡು ವಾಪಸ್ ಬರುವುದಿಲ್ಲ, ಹೊಸ ರೂಮಿಗೆ ಬೇರೆ ಕೊಡಬೇಕು. ಅವರ ಸಿಟ್ಟಿನಲ್ಲಿ ಅರ್ಥ ಇರಲಿಲ್ಲ ಎನ್ನಲಾರೆ. ತಿಂಗಳುಗಟ್ಟಲೆ ಹಿಂದೆ ಬಿದ್ದು ಸಿಕ್ಕಿದ ಮೀಟಿಂಗ್ ಅದು.

ನಾನು ಹೇಳಿದ್ದು ಇಷ್ಟೇ. ಹೊತ್ತಿಗೆ ತಲುಪಿಸುವ ಜವಾಬ್ದಾರಿ ಅವರಿಗೆ ಕೊಟ್ಟಿದ್ದೇವೆ. ಆಗಲ್ಲ ಅಂತ ಅವರೇ ಮೊದಲು ಹೇಳುತ್ತಿದ್ದಾರೆ. ಇದರಿಂದ ಅವರಿಗೆ ಒಂದು ಟ್ರಿಪ್ಪಿನ ದುಡ್ಡು ಕಮ್ಮಿಯಾಗುತ್ತದೆಯೇ ಹೊರತು ಲಾಭ ಏನೂ ಇಲ್ಲ. ಯಜಮಾನರ ಮನಸ್ಸು ತಿರುಗಿದ್ದು ಈ ಕೊನೆಯ ಮಾತಿಗೆ ಎಂದು ಆಮೇಲೆ ಮ್ಯಾನೇಜರ್ ಹೇಳಿದರು. ವ್ಯಾಪಾರಿಯೂ ಅದೇ ಸಲಹೆ ಕೊಟ್ಟರು. ಭಾನುವಾರ ಸಂಜೆ ಎಕ್ಸ್‌ಪ್ರೆಸ್‌ವೇಯಲ್ಲಿ ಆರಾಮಾಗಿ ಬಂದು ಏರ್‌ಪೋರ್ಟ್ ಪಕ್ಕದ ಹೋಟೆಲ್ ಸೇರಿದರು. ಊಟದ ಹೊತ್ತಲ್ಲೂ ಯಜಮಾನರು ಮುಖ ಊದಿಸಿಕೊಂಡೇ ಇದ್ದರಂತೆ.

ಸೋಮವಾರ ಬೆಳಗ್ಗೆ ಪೊಲೀಸರು ಊರ ನಡುಭಾಗಕ್ಕೆ ಹೋಗುವ ಮುಖ್ಯ ರಸ್ತೆಗಳಿಗೆ ಅಡ್ಡಗಟ್ಟಿದರು. ಬಸ್ಸು, ಮಟಾಟು ಎನ್ನುವ ಖಾಸಗಿ ಮಿನಿಬಸ್ಸು ಓಡಲಿಲ್ಲ. ಬೆಳಗಿನ ಜಾವ ಬೇರೆ ಊರುಗಳಿಂದ ಬಸ್ಸಿನಲ್ಲಿ ಬಂದವರು ತಡೆಯ ಹತ್ತಿರವೇ ಇಳಿದು ನಡೆಯಬೇಕಾಯಿತು. ಅಂಗಡಿಗಳು ಮುಚ್ಚಿದ್ದವು. ಆ ದಿನ ಕೀನ್ಯಾದ ಹಲವು ಕಡೆ ಘರ್ಷಣೆ ನಡೆದು ಬಹಳ ಜನ ಪ್ರಾಣ ಕಳೆದುಕೊಂಡರು. ಅದರ ಮುಂದೆ ನಮ್ಮವರ ಮೀಟಿಂಗ್ ಯಾವ ಲೆಕ್ಕ. ಅಂದಹಾಗೆ ಆ ಮೀಟಿಂಗ್ ನಡೆಯುತ್ತಲೂ ಇರಲಿಲ್ಲ. ಇಂದು ಆಫೀಸ್ ಇಲ್ಲ ಎಂದು ಬೆಳಗ್ಗೆ ಏಳಕ್ಕೇ ಆ ಕಡೆಯಿಂದ ಮೆಸೇಜ್ ಬಂದಿತ್ತು.

ಮಧ್ಯಾಹ್ನವೇ ಏರ್‌ಪೋರ್ಟಿಗೆ ಹೊರಟರು. ಅಲ್ಲಿ ಟರ್ಮಿನಲ್‌ಗೆ ಮುಂಚೆ ರಸ್ತೆಯಲ್ಲೇ ಒಂದು ತಪಾಸಣೆ ಇದೆ. ಪ್ರಯಾಣಿಕರು ಗಾಡಿಯಿಂದ ಇಳಿದು ಸ್ಕ್ಯಾನರ್ ದಾಟಿ ನಡೆಯಬೇಕು, ಗಾಡಿ ಬೇರೆ ಸಾಲಿನಲ್ಲಿ ಬರುತ್ತದೆ, ಆ ಕಡೆ ಮತ್ತೆ ಹತ್ತಬೇಕು. ಮಾಮೂಲಿ ದಿನದಲ್ಲೇ ಸಂಜೆ ಇದಕ್ಕೆ ಒಂದಿಷ್ಟು ಹೊತ್ತು ಬಿಟ್ಟಿರಬೇಕು. ಮೊದಲ ಸಲ ಹೋಗುವವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚೆಕ್-ಇನ್ ಸಾಲಿನಲ್ಲಿ ಇವರ ಹಿಂದೆ ನಿಂತಿದ್ದ ಒಬ್ಬರು ಊರೊಳಗಿನಿಂದ ಬರಲು ಪಟ್ಟ ಪಾಡನ್ನು ಹೇಳುತ್ತಿದ್ದರಂತೆ, ಸ್ವಲ್ಪ ದೂರ ಬೈಕ್, ಸ್ವಲ್ಪ ದೂರ ಸೂಟ್‌ಕೇಸ್ ಎಳೆದುಕೊಂಡು ನಡಿಗೆ.

ಇದನ್ನು ದೊಡ್ಡ ಜಾಣ್ಮೆ ಎಂದು ಬೀಗುವ ಹಾಗಿಲ್ಲ. ಸಬಾ ಸಬಾ ಬಗ್ಗೆ ನೈರೋಬಿಯ ಯಾವ ಡ್ರೈವರನ್ನು ಕೇಳಿದ್ದರೂ ಅಷ್ಟು ಹೇಳುತ್ತಿದ್ದರು. ಕೇಳದೆಯೇ, ಎರಡು ದಿನ ಮುಂಚೆ, ತಾವಾಗಿ ಹೇಳಬೇಕು ಎಂದು ಅವರಿಗೆ ಅನ್ನಿಸಿತಲ್ಲ, ನಾನು ಗಮನಿಸಿದ್ದು ಅದನ್ನು. ಪ್ರತಿ ಸಲ ಹೊಸ ಡ್ರೈವರ್ ಆಗಿದ್ದರೆ ಆ ಮೆಸೇಜ್ ಬರುತ್ತಲೇ ಇರಲಿಲ್ಲ.

ಬೇರೆ ಊರುಗಳಿಗೆ ಇದು ಎಷ್ಟು ನಡೆಯುತ್ತದೆ

ವರ್ಷದ ಕೊನೆಗೆ ಇವರೇ ಉಗಾಂಡಾಕ್ಕೂ ಹೋದರು. ಅಲ್ಲಿ ಏರ್‌ಪೋರ್ಟ್ ಇರುವುದು ಎಂಟೆಬೆಯಲ್ಲಿ, ಕಂಪಾಲಾದಿಂದ ನಲವತ್ತು ಕಿಲೋಮೀಟರ್ ದೂರ, ವಿಕ್ಟೋರಿಯಾ ಸರೋವರದ ದಡದಲ್ಲಿ. ಹಳೆಯ ರಸ್ತೆಯ ಜೊತೆಗೆ 2018ರಲ್ಲಿ ಎಕ್ಸ್‌ಪ್ರೆಸ್‌ವೇ ಬಂತು. 2022ರ ಜನವರಿಯಿಂದ ಅದಕ್ಕೆ ಟೋಲ್, ಸಾಮಾನ್ಯ ಕಾರಿಗೆ 5,000 ಉಗಾಂಡಾ ಶಿಲಿಂಗ್. ಅದೇ ಮೆಸೇಜನ್ನು ಊರು, ದುಡ್ಡು ಬದಲಿಸಿ ಕಳಿಸಿದೆವು. ಟೋಲಿನ ಸಾಲು ಅಲ್ಲೂ ಕೆಲಸಕ್ಕೆ ಬಂತು. ಆದರೆ ತಲುಪುವ ಹೊತ್ತಿನ ಲೆಕ್ಕ ಬೇರೆ ಮಾಡಬೇಕಾಯಿತು. ಅಲ್ಲಿ ಎಕ್ಸ್‌ಪ್ರೆಸ್‌ವೇ ಮುಗಿದು ಕಂಪಾಲಾದ ಒಳಗೆ ಹೋಗುವ ಕೊನೆಯ ತುಂಡೇ ಕಷ್ಟದ್ದು.

ಆಡಿಸ್ ಅಬಾಬಾದಲ್ಲಿ ಈ ಮೆಸೇಜಿನ ಅರ್ಧ ಸಾಲುಗಳಿಗೆ ಕೆಲಸವೇ ಇಲ್ಲ. ಬೊಲೆ ಏರ್‌ಪೋರ್ಟ್ ಊರೊಳಗೇ ಇದೆ, ಟೋಲ್ ಪ್ರಶ್ನೆಯೇ ಇಲ್ಲ. ಡಾಕಾರ್ ತದ್ವಿರುದ್ಧ. 2017ರ ಡಿಸೆಂಬರಿನಲ್ಲಿ ಊರ ಪಕ್ಕದ ಹಳೆಯ ಏರ್‌ಪೋರ್ಟ್‌ನಿಂದ ವಿಮಾನಗಳನ್ನು ಸುಮಾರು ಐವತ್ತು ಕಿಲೋಮೀಟರ್ ಆಚೆಗೆ, ಡಿಯಾಸ್ ಎಂಬಲ್ಲಿಗೆ ಸಾಗಿಸಿದರು. ಅಲ್ಲಿಂದ ಊರಿಗೆ ಟೋಲ್ ರಸ್ತೆ. ಅಲ್ಲಿಗೆ ಹೋಗುವವರು ದರ ಮಾತಾಡುವಾಗಲೇ ಟೋಲ್ ಸೇರಿದೆಯಾ ಎಂದು ಕೇಳಿಬಿಡುವುದು ಒಳ್ಳೆಯದು. ನಮ್ಮವರು ಇನ್ನೂ ಹೋಗಿಲ್ಲ.

ನೈರೋಬಿಯ ವ್ಯವಸ್ಥೆಯಲ್ಲೂ ಒಂದು ಸಂದು ಉಳಿದಿತ್ತು. ಎಲ್ಲ ಒಬ್ಬರೇ ಡ್ರೈವರಿನ ಮೇಲೆ ನಿಂತಿತ್ತು. ಒಮ್ಮೆ ಅವರು ಊರಿಗೆ ಹೋದಾಗ ತಮ್ಮ ಬಂಧುವೊಬ್ಬನನ್ನು ಕಳಿಸಿದರು. ಆ ಹುಡುಗ ಒಳ್ಳೆಯವನೇ, ಬಾಗಿಲಲ್ಲಿ ಸರಿಯಾಗಿ ನಿಂತಿದ್ದ, ಪೆಟ್ಟಿಗೆ ಎತ್ತಿಟ್ಟ. ಮೊಂಬಾಸಾ ರೋಡ್ ಬಂದ ಕೂಡಲೇ ತಿರುಗಿ ಕೇಳಿದ: ಎಕ್ಸ್‌ಪ್ರೆಸ್‌ವೇ ಹೋಗೋಣವಾ, ಟೋಲ್ ನೀವು ಕೊಡಬೇಕು. ಮೆಸೇಜ್ ಇದ್ದದ್ದು ದೊಡ್ಡವರ ಫೋನಿನಲ್ಲಿ, ಇವನಿಗೆ ಯಾರೂ ತೋರಿಸಿರಲಿಲ್ಲ. ಮ್ಯಾನೇಜರ್ ಆ ಮೆಸೇಜನ್ನು ಅವನಿಗೆ ಫಾರ್ವರ್ಡ್ ಮಾಡಿದರು, ಟೋಲ್ ದುಡ್ಡನ್ನೂ ಆಗಲೇ ಕಳಿಸಿದರು. ಈಗ ಮೆಸೇಜ್ ಇಬ್ಬರಿಗೂ ಹೋಗುತ್ತದೆ, ಅದರಲ್ಲಿ ಇನ್ನೊಂದು ಸಾಲು ಸೇರಿದೆ: ಗಾಡಿ ಓಡಿಸುವವರು ಬೇರೆಯಾದರೆ ಅವರ ನಂಬರ್ ಹಿಂದಿನ ದಿನವೇ ಕೊಡಿ.